ಬ್ಲೇಡಕ್ಕ

ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಗಡ್ಡೆಯ ಚೂರುಗಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂರಿಸುವ ಹೆಂಗಸಿಗೆ ಬ್ಲೇಡಕ್ಕ ಎಂದು ಹೆಸರು ಬಿದ್ದದ್ದು ಅರ್ಧ ಆ ಕೆಲಸದಿಂದ, ಇನ್ನರ್ಧ ಅವಳು ತಲೆ ಕೊರೆಯುವ ರೀತಿಯಿಂದ. ಅವಳು ಕೊಯ್ಯಲು ಕೂತರೆ ಫ್ಯಾನ್ ನಿಲ್ಲಬೇಕು, ಬಾಗಿಲು ಮುಚ್ಚಬೇಕು, ನೆಗಡಿಯಾದವರು ಕಾರಿಡಾರಿನಲ್ಲೇ ಸೀನಿ ಮುಗಿಸಿ ಬರಬೇಕು. ನಿರ್ದೇಶಕರೇ ಒಮ್ಮೆ ಒಳಗೆ ಕೆಮ್ಮಿ ಬೈಸಿಕೊಂಡಿದ್ದಾರೆ. ಅವಳ ಆಜನ್ಮ ವೈರಿಗಳೆಂದರೆ ಪಕ್ಕದ ಕೋಣೆಯವರು. ಗಡ್ಡೆಯನ್ನು ಕರಗಿಸಿ, ಜೀವಕೋಶಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದರ ಒಳಗುಟ್ಟು ಓದುವವರು. "ಊರನ್ನೇ ಕೆಡವಿ ಜನಗಣತಿ ಮಾಡ್ತೀರಲ್ರೀ, ಯಾರ ಮನೆ ಯಾರ ಪಕ್ಕ ಇತ್ತು ಅಂತ ಆಮೇಲೆ ಯಾರನ್ನ ಕೇಳ್ತೀರಿ?" ಎಂದು ಊಟದ ಹೊತ್ತಿನಲ್ಲಿ ದಿನಾ ಜಗಳ. ಅವಳ ಗಾಜಿನ ಮೇಲಾದರೆ ಎಲ್ಲರೂ ಇದ್ದಲ್ಲೇ ಇರುತ್ತಾರೆ. ಬಣ್ಣ ಹಚ್ಚಿದರೆ ಕ್ಯಾನ್ಸರ್ ಕೋಶಗಳು ಕೆಂಪು, ಅವುಗಳ ಮೇಲೆ ಏರಿ ಹೋಗುವ ದೇಹದ ಕಾವಲು ಕೋಶಗಳು ಹಸಿರು. ಮೊನ್ನೆ ತಪಾಸಣೆಗೆ ಬಂದ ಅಜ್ಜಿಯೊಬ್ಬರು ಬಾಗಿಲಲ್ಲಿ ಇಣುಕಿ, "ನನ್ನಿಂದ ತೆಗೆದ ಗಡ್ಡೆ ಇಲ್ಲೇ ಇದೆಯಂತಲ್ಲ, ನೋಡಬಹುದಾಮ್ಮ?" ಎಂದರು. ಬ್ಲೇಡಕ್ಕ ಅವರನ್ನು ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿ ಅವರ ಗಡ್ಡೆಯ ಚೂರಿನ ಚಿತ್ರ ತೆರೆದಳು. ಕೆಂಪಿನ ನಡುವೆಲ್ಲ ಹಸಿರು ನುಗ್ಗಿತ್ತು. "ಈ ಹಸಿರು ಯಾರಮ್ಮ?" "ನಿಮ್ಮವರೇ ಅಜ್ಜಿ, ಗಡ್ಡೆ ಜೊತೆ ಹೊಡೆದಾಡ್ತಾ ಇದ್ದೋರು." ಅಜ್ಜಿ ಬಹಳ ಹೊತ್ತು ನೋಡಿದರು. "ನಾನೊಬ್ಬಳೇ ಅಂದ್ಕೊಂಡಿದ್ದೆ. ಇಷ್ಟು ಜನ ನನ್ನ ಕಡೆ ಇದ್ರಾ?" ಬ್ಲೇಡಕ್ಕ ಮೂಗೊರೆಸಿಕೊಂಡು, ಚಿತ್ರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ತಡೀರಿ, ಇನ್ನೂ ಇದಾರೆ" ಎಂದಳು.