ಕುಬಸಕ್ಕೆ ಹೋದ ಸಮಿತಿ

ಬಸ್ಸಿನಲ್ಲಿ ನಮ್ಮ ಸ್ಟಾಪ್ ಬಂದರೂ ‘ನಿಲ್ಲಿಸಿರಿ’ ಎನ್ನಲು ನಾಚಿಕೊಂಡು, ಮುಂದೆ ಯಾರಾದರೂ ಇಳಿಯುವಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಹೆಂಗಸು ನಿಮ್ಮಜ್ಜಿ. ನನ್ನ ಜೊತೆ ಹಾಗೆ ನಡೆದು ಕಾಲು ನೋಯಿಸಿಕೊಂಡವರು ನೀವೇ. ಅಂಥವಳು ಜಿಲ್ಲೆಯ ಒಂದು ಸಮಿತಿಗೆ ಸಂಚಾಲಕಿಯಾದದ್ದು ಹೇಗೆ ಎಂದು ನಿಮ್ಮಲ್ಲಿ ದೊಡ್ಡವಳು ಮೊನ್ನೆ ಕೇಳಿದಳು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ನಿಮ್ಮಜ್ಜ ಎಚ್‌ಐವಿಯಿಂದ ತೀರಿಕೊಂಡರು. ನನಗೂ ಅದಿದೆ. ಊಟದ ಮೇಲೆ ನಾನು ನುಂಗುವ ಗುಳಿಗೆ ಅದಕ್ಕೇ. ನಮ್ಮ ಮನೆಯಲ್ಲಿ ಇದು ಗುಟ್ಟಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಗುಟ್ಟು, ಆ ಗುಟ್ಟನ್ನು ಕಾಪಾಡುವುದೂ ನಮ್ಮ ಕೆಲಸ. ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಹಳ್ಳಿಯ ಹೆಸರನ್ನೂ ಸಾಧ್ಯವಾದಷ್ಟು ಬಿಡುತ್ತೇನೆ.

ಈ ಕಾಯಿಲೆ ಹೊಸಬರಿಗೆ ಹರಡದಂತೆ ಏನು ಮಾಡಬೇಕು, ಇದ್ದವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕೂತು ಯೋಚಿಸುವುದಕ್ಕೆ ರಾಯಚೂರಿನಲ್ಲಿ ಒಂದು ಸಮಿತಿ ಮಾಡಿದರು. ಅದರಲ್ಲಿ ಅಧಿಕಾರಿ, ಡಾಕ್ಟರು, ಆಸ್ಪತ್ರೆಯ ಸಮಾಲೋಚಕಿ ಇದ್ದರು. ಲಾರಿ ಡ್ರೈವರುಗಳ ಪರವಾಗಿ ಒಬ್ಬ ಯಜಮಾನರು, ಗುಳಿಗೆ ನುಂಗುವ ನಮ್ಮಂಥವರು ಕೆಲವರು ಇದ್ದೆವು. ದೇವದುರ್ಗದ ಬಳೆಗಾರ್ತಿಯೊಬ್ಬಳಿದ್ದಳು. ತಮ್ಮನನ್ನು ಇದೇ ಕಾಯಿಲೆಯಲ್ಲಿ ಕೊನೆಯತನಕ ನೋಡಿಕೊಂಡವಳು. ನಾವೆಲ್ಲ ಅವಳನ್ನು ಅಕ್ಕ ಎನ್ನುವ ಹಾಗೆ ಆಪಾ ಎನ್ನುತ್ತಿದ್ದೆವು.

ಮೊದಲ ದಿನ ಸಂಚಾಲಕರು ಯಾರಾಗಬೇಕು ಎಂಬ ಮಾತು ಬಂತು. ಯಜಮಾನರು ಹೇಳಿದ ಹೆಸರು ಹೆಂಗಸರಿಗೆ ಬೇಡವಾಯಿತು, ಹೆಂಗಸರು ಹೇಳಿದ್ದು ಯಜಮಾನರಿಗೆ. ಚಹಾ ಬಂದು ಆರಿಹೋಯಿತು. ಕಡೆಗೆ ಯಜಮಾನರು ಮೂಲೆಯಲ್ಲಿದ್ದ ನನ್ನ ಕಡೆ ಕೈ ಮಾಡಿದರು.

“ಈ ಅಕ್ಕಾರು ಮುಂಜಾನಿಂದ ಯಾರ ಜೋಡೀನೂ ಜಗಳ ಮಾಡಿಲ್ಲ ನೋಡ್ರಿ.”

“ಜಗಳ ಒತ್ತಟ್ಟಿಗಿರ್ಲಿ, ಬಾಯಿನ ತಗದಿಲ್ಲ!” ಎಂದಳು ಆಪಾ.

“ಅದಕ್ಕ ಅಂದೆ. ಇವರ ಆಗ್ಲಿ.”

ನನಗೆ ಬೇಡ ಎನ್ನಬೇಕೆಂದಿತ್ತು. ಗುಂಜಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗಲೂ ನನ್ನ ಬದಲು ಪಕ್ಕದ ಹುಡುಗಿಯೇ ‘ಹಾಜರ್’ ಎನ್ನುತ್ತಿದ್ದಳು. ಇಲ್ಲಿ ಪಕ್ಕದಲ್ಲಿ ಆಪಾ ಕೂತಿದ್ದಳು. ಅವಳು ಚಪ್ಪಾಳೆ ಹೊಡೆದುಬಿಟ್ಟಳು.

ಸಂಚಾಲಕಿ ಎಂದರೆ ದೊಡ್ಡ ಕೆಲಸವೇನಲ್ಲ. ಎಲ್ಲರಿಗೂ ಫೋನು ಮಾಡಬೇಕು, ಬರುವುದಿಲ್ಲ ಎಂದವರಿಗೆ ಮತ್ತೆ ಮಾಡಬೇಕು, ಕೋಣೆಯ ಕೀಲಿ ಯಾರ ಹತ್ತಿರ ಇದೆ ಎಂದು ಹುಡುಕಬೇಕು. ಟವೆಲ್ ಹೊದಿಸಿದ ಕುರ್ಚಿಯಲ್ಲಿ ಅಧಿಕಾರಿಗಿಂತ ಮೊದಲು ಯಜಮಾನರು ಕೂರದಂತೆ ನೋಡಿಕೊಳ್ಳಬೇಕು. ಎಲ್ಲರೂ ಒಟ್ಟಿಗೆ ಮಾತಾಡಿದಾಗ ಯಾರು ಏನೆಂದರು ಎಂದು ನೆನಪಿಟ್ಟುಕೊಳ್ಳಬೇಕು. ಮಾತಾಡದವರಿಗೆ ಆ ಕೊನೆಯದು ಸುಲಭ.

ಆ ವರ್ಷ ನಾವು ಮಾಡಿದ ಒಂದು ಯೋಜನೆಯ ಬಗ್ಗೆ ನಮಗೆ ಬಹಳ ಹೆಮ್ಮೆ ಇತ್ತು. ಬಸುರಿಗೆ ಎಚ್‌ಐವಿ ಇದ್ದರೂ ಅವಳು ದಿನಾ ಗುಳಿಗೆ ತಪ್ಪಿಸದೆ ನುಂಗಿ, ಆಸ್ಪತ್ರೆಯಲ್ಲಿ ಹೆತ್ತು, ಕೂಸಿಗೆ ಹುಟ್ಟಿದ ಕೂಡಲೇ ಔಷಧದ ಹನಿ ಹಾಕಿಸಿದರೆ ಕೂಸಿಗೆ ಕಾಯಿಲೆ ಬರುವ ಭಯ ಬಹಳ ಕಡಿಮೆ. ತಪ್ಪಿಸಿದರೆ ಭಯ ಹೆಚ್ಚು. ಅದಕ್ಕೆ ಪ್ರತಿ ತಾಲೂಕಿನಲ್ಲೂ ಒಬ್ಬ ಹೆಂಗಸನ್ನು ಸಂಗಾತಿ ಎಂದು ನೇಮಿಸಿದೆವು. ತನ್ನ ತಾಲೂಕಿನ ಇಂಥ ಬಸುರಿಯರಿಗೆ ಗುಳಿಗೆ ಮುಟ್ಟಿಸುವುದು, ಹೆರಿಗೆಯತನಕ ಕಣ್ಣಿಡುವುದು ಅವಳ ಜವಾಬ್ದಾರಿ. ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ಅಂಟಿಸಿ ತಾಲೂಕಿಗೊಂದು ಬಣ್ಣ ಬಳಿದೆವು. ದೇವದುರ್ಗ ಹಸಿರು, ಮಾನ್ವಿ ಹಳದಿ. ನೋಡಲು ಬಹಳ ಚಂದ ಕಾಣುತ್ತಿತ್ತು.

ಒಂದು ಮಧ್ಯಾಹ್ನ ದೇವದುರ್ಗದ ಆಚೆಯ ಹಳ್ಳಿಯಿಂದ ಒಬ್ಬ ಹುಡುಗಿ ನನಗೆ ಫೋನು ಮಾಡಿದಳು. ಚೊಚ್ಚಲ ಬಸುರಿ, ಸೀಮಂತದ ತಿಂಗಳು. ಅವಳಿಗೂ ಗಂಡನಿಗೂ ಕಾಯಿಲೆ ಇರುವುದು ಅವರಿಬ್ಬರಿಗೆ ಮತ್ತು ಅವಳ ತಾಯಿಗೆ ಮಾತ್ರ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಗಂಡ ಭತ್ತ ಕೊಯ್ಯುವ ಮಷಿನ್ನಿನ ಜೊತೆ ತೆಲಂಗಾಣದ ಕಡೆ ಹೋಗಿದ್ದ.

“ಯಕ್ಕಾ, ನಾಡಿದ್ದು ನನ್ನ ಕುಬಸ ಐತ್ರಿ,” ಎಂದಳು ಪಿಸುದನಿಯಲ್ಲಿ. “ಮುಗದ ಕೂಡ್ಲೆ ಅವ್ವ ತವರಿಗಿ ಕರಕೊಂಡ ಹೋಗ್ತಾಳ. ಗುಳಿಗಿ ಮುಗೀಲಿಕ್ಕ ಬಂದಾವು. ನಮ್ಮತ್ತಿ ಬಸ್ಸು ಹತ್ತಾಕ ಬಿಡವಲ್ಲಳು.”

“ತವರು ಯಾವ ಕಡೆ ಬೇ?”

“ಮಾನ್ವಿ ತಾಲೂಕ್ರಿ, ಪೋತ್ನಾಳ ಹತ್ರ.”

ನಾನು ದೇವದುರ್ಗದ ಸಂಗಾತಿಗೆ ಫೋನು ಮಾಡಿದೆ. “ಆಕಿ ಮಾನ್ವಿಗಿ ಹೊಂಟಾಳಲ್ರಿ, ಇನ್ನ ಅವರು ನೋಡ್ಕೋಬೇಕು,” ಎಂದಳು. ಮಾನ್ವಿಯವಳಿಗೆ ಮಾಡಿದೆ. “ಆಕಿ ದೇವದುರ್ಗದಾಕಿ ಅಲ್ರಿ? ನಂಗ ಆಕಿ ಮಾರಿನ ಗೊತ್ತಿಲ್ಲ,” ಎಂದಳು. ಇಬ್ಬರೂ ಒಳ್ಳೆಯವರೇ. ನಾವು ಬಳಿದ ಬಣ್ಣದೊಳಗೆ ಇಬ್ಬರೂ ಸರಿಯಾಗಿಯೇ ನಿಂತಿದ್ದರು. ಹಸಿರಿಗೂ ಹಳದಿಗೂ ನಡುವೆ ಹುಡುಗಿಯೂ ಅವಳ ಕೂಸೂ ಸಿಕ್ಕಿಕೊಂಡಿದ್ದರು.

ಮರುದಿನ ಬೆಳಿಗ್ಗೆಯೇ ಎಲ್ಲರನ್ನೂ ಕರೆಸಿದೆ. ಅಧಿಕಾರಿ ನಕ್ಷೆಯ ಮುಂದೆ ನಿಂತು ತಲೆ ಕೆರೆದುಕೊಂಡರು. “ಇದು ಅಪರೂಪದ ಕೇಸು. ಇಂಥದಕ್ಕೆಲ್ಲ ಯೋಜನೆ ಮಾಡೋಕೆ ಆಗಲ್ಲ,” ಎಂದರು. ಅವರು ದಕ್ಷಿಣದ ಕಡೆಯವರು.

ಆಪಾ ತನ್ನ ಪಕ್ಕದವಳನ್ನು ತಿವಿದಳು. “ನೀ ಚೊಚ್ಚಲು ಎಲ್ಲಿ ಹಡದಿ?”

“ತವರಾಗ.”

“ನೀ?”

“ಎಲ್ಲರೂ ಎಲ್ಲಿ ಹಡಿತಾರ ಆಪಾ? ತವರಾಗ.”

“ಡಾಕ್ಟರಮ್ಮಾ, ನೀವ್ರಿ?”

ಡಾಕ್ಟರು ನಗು ತಡೆದುಕೊಂಡು, “ತವರಲ್ಲೇ,” ಎಂದರು.

ಆಪಾ ಅಧಿಕಾರಿಯ ಕಡೆ ತಿರುಗಿದಳು. “ಸಾಹೇಬ್ರ, ನಮ್ಮ ಅಕ್ಕಾರು ಈಗ ಎಲ್ಲಿ ಅದಾರ್ರಿ?”

ಅಧಿಕಾರಿಯ ಹೆಂಡತಿ ತುಂಬಿದ ಬಸುರಿ, ಹಿಂದಿನ ತಿಂಗಳಷ್ಟೇ ಹಾಸನದ ತವರಿಗೆ ಹೋಗಿದ್ದರು. ಆ ಖುಷಿಗೆ ಅವರೇ ನಮಗೆಲ್ಲ ಪೇಡೆ ಹಂಚಿದ್ದರು. ಪಾಪ, ಅವರ ಮುಖ ಕೆಂಪಾಯಿತು. ಯಜಮಾನರು ಮೇಜು ಕುಟ್ಟಿ ನಕ್ಕರು. ನಾವೆಲ್ಲರೂ ನಕ್ಕೆವು. ಆಮೇಲೆ ಎಲ್ಲರೂ ನಕ್ಷೆಯ ಕಡೆ ತಿರುಗಿದೆವು. ಕೂತ ಹೆಂಗಸರೆಲ್ಲ ತವರಿನಲ್ಲಿ ಹೆತ್ತವರು, ಗಂಡಸರೆಲ್ಲ ಹೆಂಡತಿಯನ್ನು ತವರಿಗೆ ಕಳಿಸಿದವರು. ಆದರೂ ಬಸುರಿಯರಿಗಾಗಿ ಯೋಜನೆ ಮಾಡುವಾಗ ಗಂಡನ ಊರನ್ನೇ ಹಿಡಿದು ಕೂತಿದ್ದೆವು. ನಕ್ಷೆ ಕಂಡ ಕೂಡಲೇ ನಮ್ಮ ಮನೆಗಳು ನಮಗೆ ಮರೆತುಹೋಗಿದ್ದವು.

“ಮುಂದಿನದು ಆಮೇಲೆ ಸರಿ ಮಾಡೋಣ,” ಎಂದರು ಡಾಕ್ಟರು. “ಹುಡುಗಿ ಫೋನಿನಲ್ಲಿ ಒಪ್ಪಿದರೆ ಗುಳಿಗೆ ನಾನು ಕೊಡ್ತೀನಿ. ಮುಟ್ಟಿಸೋದು ಹೇಗೆ? ಮನೆ ತುಂಬ ಜನ ಇರ್ತಾರೆ.”

“ಕುಬಸಕ್ಕ ಹಸಿರು ಬಳಿ ಇಡಸಬೇಕಲ್ರಿ,” ಎಂದಳು ಆಪಾ. “ಆ ಊರಿಗಿ ಬಳಿ ಒಯ್ಯಾಕಿ ನಾನ. ಅಕ್ಕಾ, ನೀನೂ ನಡಿ. ನಂಗ ಬಳಿ ಕೊಡಾಕ ಬರ್ತದ, ಗುಳಿಗಿ ಬಗ್ಗಿ ಹೇಳಾಕ ಬರಂಗಿಲ್ಲ.”

ನಾನು ಹಿಂಜರಿದೆ. ನಿಮಗೆ ಈ ಕಾಲದಲ್ಲಿ ವಿಚಿತ್ರ ಅನಿಸಬಹುದು. ಕುಬಸ ಮುತ್ತೈದೆಯರ ಕಾರ್ಯ, ವಿಧವೆ ಅಲ್ಲಿ ಹೊಸ್ತಿಲ ಆಚೆ. ನನ್ನ ಅಕ್ಕನ ಮಗಳ ಕುಬಸದಲ್ಲೇ ನಾನು ಒಲೆಯ ಮುಂದಿನಿಂದ ಎದ್ದಿರಲಿಲ್ಲ.

“ಪೆಟಿಗಿ ಹೊರಾಕಿ ಅಂತ ಹೇಳ್ತೀನಿ. ಪೆಟಿಗಿ ಹೊರಾಕಿಗಿ ಯಾರೂ ಏನೂ ಕೇಳಂಗಿಲ್ಲ,” ಎಂದಳು ಆಪಾ.

ಕುಬಸದ ದಿನ ಗುಳಿಗೆಯ ಡಬ್ಬಿಗಳನ್ನು ಒಂದು ತಗಡಿನ ಡಬ್ಬದಲ್ಲಿಟ್ಟು, ಬಳೆ ಪೆಟ್ಟಿಗೆಯ ತಳದಲ್ಲಿ ಸೇರಿಸಿದೆವು. ಬಳೆ ಇಡುವಾಗ ಹುಡುಗಿಯ ಉಡಿಗೆ ಅದನ್ನು ಜಾರಿಸುವುದು ಎಂದು ಮಾತಾಗಿತ್ತು. ಗಬ್ಬೂರು ದಾಟುವತನಕ ಆಪಾ ನನಗೆ ಬಳೆ ಪೆಟ್ಟಿಗೆ ಹೊರುವ ಠೀವಿ ಕಲಿಸಿದಳು.

ಮನೆ ತುಂಬ ಹೆಂಗಸರು, ಹೋಳಿಗೆ, ತುಪ್ಪದ ವಾಸನೆ. ಹುಡುಗಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ಅವಳ ಕಣ್ಣು ಅಗಲವಾಯಿತು. ನಾನು ಪೆಟ್ಟಿಗೆಯನ್ನು ಒಳಗಿಟ್ಟು ಹೊಸ್ತಿಲ ಹತ್ತಿರ ಸರಿದೆ. ಆದರೆ ಅತ್ತೆ ಬಲು ಚುರುಕು. ಗಟ್ಟಿಗಿತ್ತಿ, ಸೊಸೆಯ ಮೇಲೆ ಪ್ರೀತಿಯೂ ಇದ್ದವಳು. ಪೆಟ್ಟಿಗೆಯ ಮುಂದೆ ತಾನೇ ಕುಕ್ಕರಗಾಲಲ್ಲಿ ಕೂತಳು.

“ಎಲ್ಲಾ ತೋರಸು ಆಪಾ. ಛಲೋ ಬಳಿ ತಳದಾಗ ಇಟ್ಟಿರ್ತಿ, ನಂಗೊತ್ತದ. ಆ ತಗಡಿನ ಡಬ್ಬಿ ತಗಿ.”

ಆಪಾ ಕಣ್ಣು ಪಿಳುಕಿಸಲಿಲ್ಲ.

“ಅದು ನಕ್ಕೋ, ಬ್ಯಾಡ ಅಮ್ಮಾ. ಒಡದ ಬಳಿ ಅದಾವು ಅದರಾಗ. ಗಾಜು ಕರಗಸಾಕ ಕೊಡಾಕ ಇಟ್ಟೀನಿ.”

ಅತ್ತೆ ಬೆಂಕಿ ಮುಟ್ಟಿದವಳಂತೆ ಕೈ ಹಿಂತೆಗೆದಳು. “ಯವ್ವಾ! ಒಡದ ಬಳಿ ಕುಬಸದ ಮನಿಗಿ ತಂದೇನ್ ಬೇ? ಬುದ್ಧಿ ಎಲ್ಲಿ ಇಟ್ಟಿ? ತಗೀ, ಮೊದ್ಲ ಹೊರಗ ಒಯ್ಯಿ!”

ಡಬ್ಬ ನನ್ನ ಕೈಗೆ ಬಂತು, ನಾನು ಅಂಗಳಕ್ಕೆ ಬಂದೆ. ಡಬ್ಬ ಉಳಿಯಿತು, ಆದರೆ ಹುಡುಗಿಗೆ ಮುಟ್ಟುವ ದಾರಿ ತಪ್ಪಿತು. ಒಳಗೆ ಹಾಡು ಶುರುವಾಯಿತು. ಆಪಾ ಬಳೆ ಇಡುತ್ತ ಬಾಗಿಲ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ಏನು ಹೇಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಉಡಿ ತುಂಬಿದರು, ಆರತಿಯಾಯಿತು. ತವರಿನವರು ತಂದ ಟಂಟಂ ಆಟೊ ಮನೆಯ ಮುಂದೆ ಬಂದು ನಿಂತು, ಡ್ರೈವರು ಹಾಡು ಹಚ್ಚಿದ. ಬುತ್ತಿಯ ಬುಟ್ಟಿಗಳು ಹತ್ತಿದವು, ತಾಯಿ ಹತ್ತಿದಳು, ಹುಡುಗಿ ಕಾಲೆತ್ತಿ ಮೆಟ್ಟಿಲ ಮೇಲೆ ಇಟ್ಟಳು. ಅವಳು ಸುತ್ತ ತಿರುಗಿ ನನ್ನನ್ನೇ ಹುಡುಕುತ್ತಿದ್ದಳು.

ಒಡೆದ ಬಳೆಯದೆಂದ ಡಬ್ಬವನ್ನು ಎಲ್ಲರ ಮುಂದೆ ತಾಯಿಯ ಕೈಗೂ ಕೊಡುವಂತಿರಲಿಲ್ಲ. ಇನ್ನು ಗಾಡಿ ಹೋದರೆ ಆ ಕೂಸಿನ ಗತಿ ಏನು? ಬಾಯಿ ತಾನಾಗಿ ಬಿಚ್ಚಿಕೊಂಡಿತು.

“ನಿಲ್ಲಸ್ರಿ! ನಾನೂ ಮಾನ್ವಿ ಕಡೆ ಬರಾಕಿ ಅದೀನಿ!”

ಎಷ್ಟು ಜೋರಾಗಿ ಬಂತೆಂದರೆ ಡ್ರೈವರು ಹಾಡನ್ನೇ ನಿಲ್ಲಿಸಿಬಿಟ್ಟ. ಬಾಗಿಲಲ್ಲಿದ್ದ ಆಪಾಳ ಬಾಯಿ ತೆರೆದಂತೆಯೇ ಉಳಿಯಿತು.

ಅತ್ತೆ ನನ್ನ ಬರಿ ಹಣೆಯನ್ನೂ ಕೈಯಲ್ಲಿದ್ದ ಡಬ್ಬವನ್ನೂ ನೋಡಿದಳು. “ನಾ ಅಂತೀನಿ ಅಂತ ಸಿಟ್ಟಾಗಬ್ಯಾಡ ಯವ್ವಾ. ಚೊಚ್ಚಲ ಬಸರಿ ತವರಿಗಿ ಹೊಂಟಾಳ. ಇಂಥಾ ಹೊತ್ತಿನಾಗ ನೀ ಜೋಡಿ… ನೀನ ತಿಳಕೋ.”

ತಿಳಿದುಕೊಂಡೆ. ಇಂಥ ಮಾತಿಗೆ ತಲೆ ತಗ್ಗಿಸಿ ರೂಢಿ, ಆಗಲೂ ತಗ್ಗಿಸಿದೆ. ಆದರೆ ಕಾಲು ಮಾತ್ರ ಹಿಂದೆ ಸರಿಯಲಿಲ್ಲ.

“ಅತ್ತಿ, ಆಕಿ ಬರ್ಲಿ,” ಎಂದಳು ಹುಡುಗಿ. ಅಲ್ಲಿಯತನಕ ಅವಳು ಒಂದು ಮಾತೂ ಆಡಿರಲಿಲ್ಲ. “ನನ್ನ ಬಾಜೂಕ ಕುಂದ್ರಲಿ. ದಾರ್ಯಾಗ ನಂಗ ವಾಂತಿ ಬಂದ್ರ ಹಿಡಿಯಾಕ ಬೇಕು.”

“ನಿಮ್ಮವ್ವ ಅದಾಳಲ್ಲ?”

“ಅವ್ವಗ ಗಾಡಿ ಹತ್ತಿದ್ರ ಆಕಿಗೇ ವಾಂತಿ,” ಎಂದಳು. ತಾಯಿ ಕೂಡಲೇ ಸೆರಗು ಬಾಯಿಗೆ ಒತ್ತಿ ಹೌದೆಂದು ತಲೆಯಾಡಿಸಿದಳು. ಜನ ನಕ್ಕರು. ಅತ್ತೆಯೂ ಸೋತು, “ಏನರ ಮಾಡ್ರಿ. ನನ್ನ ಮೊಮ್ಮಗ ಜ್ವಾಕಿ,” ಎಂದಳು.

ಸಿರವಾರ ದಾಟಿದ ಮೇಲೆ ಡಬ್ಬವನ್ನು ಹುಡುಗಿಯ ಉಡಿಗೆ ಇಟ್ಟೆ. ತಪ್ಪಿಸದೆ ನುಂಗುವುದು, ನೋವು ಶುರುವಾದರೆ ಎಲ್ಲಿಗೆ ಹೋಗುವುದು, ಕೂಸಿಗೆ ಹನಿ ಹಾಕಿಸುವುದು, ಎಲ್ಲವನ್ನೂ ಟಂಟಂ ಹಾಡಿನ ಗದ್ದಲದಲ್ಲಿ ಅವಳ ಕಿವಿಗೆ ಹೇಳಿದೆ. ಮಾನ್ವಿಯಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಯ ಸಂಗಾತಿಯನ್ನು ಕರೆಸಿ, ಹುಡುಗಿಯ ಕೈಯನ್ನು ಅವಳ ಕೈಯಲ್ಲಿಟ್ಟೆ. “ಈಗ ಮಾರಿ ನೋಡಿದೆಲ್ಲ?” ಎಂದೆ. ಅವಳು ನಾಚಿ ನಕ್ಕಳು.

ಮುಂದಿನ ಸಭೆಯಲ್ಲಿ ಯೋಜನೆ ಬದಲಾಯಿತು. ಬಸುರಿ ಬಂದ ದಿನವೇ ತವರು ಯಾವ ಊರೆಂದು ಕೇಳಬೇಕು. ತವರಿನ ಕಡೆಯ ಸಂಗಾತಿ ಕುಬಸಕ್ಕಿಂತ ಮೊದಲೇ ಅವಳನ್ನು ಕಂಡು ಮಾತಾಡಿರಬೇಕು. ಈ ಬದಲಾವಣೆಯನ್ನು ಸಭೆಗೆ ಓದಿ ಹೇಳಿದವಳು ನಾನು. ಹಿಂದೆ ಕೂತವರಿಗೆ ಕೇಳಿಸಲಿಲ್ಲವೆಂದು ಯಜಮಾನರು ಮತ್ತೊಮ್ಮೆ ಓದಿದರು.

ಹುಡುಗಿ ಆಸ್ಪತ್ರೆಯಲ್ಲಿ ಗಂಡು ಕೂಸು ಹೆತ್ತಳು. ಹನಿ ಹಾಕಿಸಿದಳು, ತಾನೂ ಗುಳಿಗೆ ತಪ್ಪಿಸಲಿಲ್ಲ. ಆದರೂ ಕೊನೆಯ ಪರೀಕ್ಷೆ ಆಗುವತನಕ ಖಾತ್ರಿ ಹೇಳುವಂತಿರಲಿಲ್ಲ. ಅದಾಗುವ ಹೊತ್ತಿಗೆ ಕೂಸು ಓಡಾಡುತ್ತಿತ್ತು. ಫಲಿತಾಂಶದ ದಿನ ಗಂಡ ಹೆಂಡತಿ ಅವನನ್ನೆತ್ತಿಕೊಂಡು ರಾಯಚೂರಿಗೆ ಬಂದರು. ಸಮಾಲೋಚಕಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ನಾನೂ ಕೂತೆ. ಅವರು ಒಳಗೆ ಹೋದರು. ಹೊರಗೆ ಬಂದಾಗ ಗಂಡ ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಬೆಂಚಿನಿಂದ ಎದ್ದೆ.

“ಏನಾತು?”

“ಇಲ್ಲಂತ್ರಿ ಯಕ್ಕಾ,” ಎಂದಳು ಹುಡುಗಿ. “ಅವಗ ಏನೂ ಇಲ್ಲಂತ. ಇವರು ಸುಮ್ನ ಅಳಾಕತ್ಯಾರ.” ಕೂಸನ್ನು ಸೊಂಟಕ್ಕೇರಿಸಿಕೊಂಡು, “ಭಾಳ ಹಸಿವಾಗ್ಯದ್ರಿ,” ಎಂದಳು. ಎರಡು ದಿನದಿಂದ ಅವಳ ಗಂಟಲಲ್ಲಿ ತುತ್ತು ಇಳಿದಿರಲಿಲ್ಲವಂತೆ.

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ಹೇಳಿದೆವು. ನಾವು ನೋಡುವಷ್ಟರಲ್ಲಿ ಕೂಸು ಅಪ್ಪನ ತಟ್ಟೆಯ ಮಿರ್ಚಿಯನ್ನು ಇದ್ದಷ್ಟು ಹಲ್ಲುಗಳಿಂದ ಕಚ್ಚಿ, ಖಾರ ಹತ್ತಿ, ಹೋಟೆಲು ನಡುಗುವಂತೆ ಕಿರುಚಿತು. ಸಪ್ಲೈಯರು ಸಕ್ಕರೆ ತಂದ, ಪಕ್ಕದ ಮೇಜಿನವರು ಬಾಳೆಹಣ್ಣು ಕೊಟ್ಟರು, ಅಪ್ಪ ಗಾಬರಿಯಿಂದ ನೀರು ಚೆಲ್ಲಿದ. ತಾಯಿ ಮಾತ್ರ ಒಗ್ಗರಣೆ ತಿನ್ನುತ್ತಲೇ, ಆ ಕೆಂಪಾದ ಮುಖವನ್ನು ಹೊಟ್ಟೆ ತುಂಬ ನೋಡುತ್ತ ಕೂತಿದ್ದಳು.