ಧರ್ಮದ ಕಾಲಂ

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿವೆ. ಆ ರಸ್ತೆಯುದ್ದಕ್ಕೂ ನನ್ನ ಬದುಕನ್ನು ತುಂಡು ಮಾಡಿ ಇಟ್ಟಿದ್ದೇನೆ. ಲಿಂಗಸುಗೂರಿನಲ್ಲಿ ಸರ್ಕಾರಿ ಶಾಲೆಯ ಸಮಾಜ ವಿಜ್ಞಾನ ಶಿಕ್ಷಕ; ಹಾಜರಿ ಪುಸ್ತಕದಲ್ಲಿ ಅಜ್ಜ ಇಟ್ಟ ಹೆಸರು. ಸಿಂಧನೂರಿನ ಚರ್ಚಿನ ಸಭೆಯಲ್ಲಿ ದೀಕ್ಷಾಸ್ನಾನದ ಹೆಸರು. ನಡುವೆ ಮಸ್ಕಿಯಲ್ಲಿ ಅವ್ವನ ಜೊತೆ ಮನೆ. ಅವ್ವ ಮಸ್ಕಿಯಲ್ಲೇ ಆರಾಧನೆಗೆ ಹೋಗುತ್ತಾಳೆ, ಸತ್ಯವೇದವನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು. ನಾನು ಬಸ್ಸು ಹತ್ತಿ ಸಿಂಧನೂರಿಗೆ ಹೋಗುತ್ತೇನೆ. 'ಅಲ್ಲಿ ಪ್ರಸಂಗ ಚಲೋ ಇರತೈತಿ' ಎಂದು ಅವ್ವನಿಗೆ ಹೇಳಿದ್ದೇನೆ. ಅಲ್ಲಿ ನನ್ನ ಗುರುತು ಹಿಡಿಯುವವರು ಕಡಿಮೆ ಎನ್ನುವುದೇ ನಿಜವಾದ ಕಾರಣ.

ನನಗೆ ನೌಕರಿ ಸಿಕ್ಕಿದ್ದು ಪರಿಶಿಷ್ಟ ಜಾತಿಯ ಪ್ರಮಾಣಪತ್ರದ ಮೇಲೆ. ಕ್ರೈಸ್ತನೆಂದು ದಾಖಲಾದರೆ ಕಾನೂನಿನಲ್ಲಿ ಆ ಪತ್ರ ನಿಲ್ಲುವುದಿಲ್ಲ. ದೀಕ್ಷಾಸ್ನಾನದ ನಂತರವೂ ನಾವು ಅದೇ ಕೇರಿಯಲ್ಲಿದ್ದೇವೆ, ಊರಿನವರು ನಮ್ಮನ್ನು ನೋಡುವ ರೀತಿಯೂ ಅದೇ. ಪತ್ರ ಮಾತ್ರ ಇಲ್ಲವಾಗಬೇಕಂತೆ! ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೀಗಿರುವಾಗ ಮನೆಮನೆ ಸಮೀಕ್ಷೆಯ ಆದೇಶ ಬಂತು. ನನಗೆ ಬಂದದ್ದು ಮಸ್ಕಿ, ಅದರಲ್ಲೂ ನಮ್ಮದೇ ಕೇರಿ. ತರಬೇತಿಯಲ್ಲಿ ಸಾಹೇಬರು ಹತ್ತು ಸಲ ಹೇಳಿದ್ದರು: 'ಜನ ಏನ್ ಹೇಳ್ತಾರ ಅದನ್ನ ಬರೀರಿ. ನಿಮ್ಮ ಬುದ್ಧಿ ಖರ್ಚು ಮಾಡಬ್ಯಾಡ್ರಿ.' ಪೌರನ ಕರ್ತವ್ಯದ ಪಾಠ ಹೇಳಿ ಹೇಳಿ ಗಂಟಲು ಹರಿದುಕೊಂಡವನು ನಾನು. ನಿಯಮ ತಪ್ಪುವ ಜಾಯಮಾನ ನನ್ನದಲ್ಲ. ಆದರೂ ಆದೇಶ ಕೈಗೆ ಬಂದಾಗಿನಿಂದ ನಮ್ಮ ಮನೆಯ ಸರದಿ ಯಾವತ್ತು ಬರುತ್ತದೆಂದು ಲೆಕ್ಕ ಹಾಕುತ್ತಲೇ ಇದ್ದೆ.

ಮೊದಲ ದಿನವೇ ಗೋಡೆ ಕಟ್ಟುವ ಕೆಲಸದ ಪಕ್ಕದ ಮನೆಯ ಗೌಂಡಿ ಕೇಳಿದ. ಅವ್ವ ಹೋಗುವ ಸಭೆಗೇ ಅವನೂ ಹೋಗುತ್ತಾನೆ.

'ಸರ್ರ, ನಾವು ಏನ್ ಬರಸೂಣ್ರಿ?'

'ನಾ ಹೇಳಂಗಿಲ್ಲಪ. ನೀನ ಹೇಳಬೇಕು.'

ಆತ ಹೆಂಡತಿಯ ಮುಖ ನೋಡಿದ. 'ಕ್ರೈಸ್ತ ಅಂತ ಬರೀರಿ' ಎಂದ. ಅವನ ಇಬ್ಬರು ಹೆಣ್ಣುಮಕ್ಕಳು ಪರಿಶಿಷ್ಟರ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದರು. ಸಮೀಕ್ಷೆಯ ಆ್ಯಪ್ ಇದ್ದ ಫೋನಿನಲ್ಲಿ ಆತ ಹೇಳಿದ್ದನ್ನೇ ಒತ್ತಿದೆ.

ಮೂರನೇ ದಿನ ಮಧ್ಯಾಹ್ನ ನಮ್ಮ ಮನೆಯ ಸರದಿ. ತೊಗರಿ ಹಸನು ಮಾಡುತ್ತಿದ್ದ ಅವ್ವ ಮೊರ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಯಾರೋ ಅಧಿಕಾರಿ ಬಂದಿದ್ದಾರೆ ಎಂಬಂತೆ ನನ್ನೆದುರು ಕೂತಳು. ಹೆಸರಾಯಿತು, ವಯಸ್ಸಾಯಿತು. ಧರ್ಮ ಎಂದು ಕೇಳಿ ಮುಗಿಸುವ ಮೊದಲೇ 'ಕ್ರೈಸ್ತ' ಎಂದಳು.

'ಅವ್ವಾ, ಒಂದ ಮನಿ, ಒಂದ ರೇಷನ್ ಕಾರ್ಡು. ನೀ ಹಂಗ ಬರಸಿದ್ರ ನನ್ನ ನೌಕರಿಗೆ ಕುತ್ತ ಬರತೈತಿ.'

ಯಾರಿಗೂ ಹೇಳಿಕೊಡದವನು ಹೆತ್ತವಳಿಗೆ ಹೇಳಿಕೊಡುತ್ತಿದ್ದೆ. ಅವ್ವ ಸಿಟ್ಟಾಗಲಿಲ್ಲ.

'ನಂದು ನಾ ಹೇಳೀನಿ. ನಿಂದು ನೀ ಬರಕೋ. ಸುಳ್ಳೊಂದು ಬರೀಬ್ಯಾಡ ಯಪ್ಪಾ' ಎಂದು ಮತ್ತೆ ಮೊರ ಎಳೆದುಕೊಂಡಳು.

ಅವಳದನ್ನು ಅವಳು ಹೇಳಿದಂತೆಯೇ ಬರೆದೆ. ಮುಂದಿನ ಸದಸ್ಯ ನಾನು. ಕೇಳುವವನೂ ನಾನೇ, ಹೇಳುವವನೂ ನಾನೇ. ಬೆರಳು ಫೋನಿನ ಪರದೆಯಲ್ಲಿ ಮೇಲೆ ಕೆಳಗೆ ಆಡಿತು. ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷ ಇತ್ತು. 'ಹಿಂದೂ' ಒತ್ತಿದೆ.

ಕೊನೆಗೆ ಒಂದು ಹಾಳೆ. 'ಮೇಲಿನ ಮಾಹಿತಿಯೆಲ್ಲ ಸತ್ಯ' ಎಂಬ ಘೋಷಣೆಗೆ ಮನೆಯ ಯಜಮಾನರ ಸಹಿ ಬೇಕು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವ್ವ. ಮೂರು ದಿನದಿಂದ ಎಲ್ಲರಿಂದಲೂ ಆ ಸಹಿ ಹಾಕಿಸಿಕೊಂಡಿದ್ದೆ. ಆದರೂ ನಮ್ಮ ಮನೆಯದಕ್ಕೆ ಅವ್ವನೇ ಸಹಿ ಹಾಕಬೇಕಾಗುತ್ತದೆ ಎಂದು ನನ್ನ ತಲೆಗೆ ಹೊಳೆದಿರಲಿಲ್ಲ.

'ಚಾಳೀಸ ಒಳಗೈತಿ, ಅದಿಲ್ಲದ ಸಣ್ಣ ಅಕ್ಷರ ಕಾಣಂಗಿಲ್ಲ. ಏನ್ ಬರದಾರ, ಓದು' ಎಂದಳು. ಘೋಷಣೆಯ ಆ ಸಾಲನ್ನಷ್ಟೇ ಓದಿದೆ.

'ಎಲ್ಲಾ ಖರೆ ಬರದೀಯಿಲ್ಲ?'

'ಬರದೀನವ್ವ.'

ಸತ್ಯವೇದ ಓದಬೇಕೆಂದೇ ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು ಅವಳು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ತಿದ್ದಿ, ಒತ್ತು ಬಿಟ್ಟಿಲ್ಲವಲ್ಲ ಎಂದು ಕಣ್ಣು ಕಿರಿದು ಮಾಡಿ ನೋಡಿ, ನನ್ನ ಸುಳ್ಳಿನ ಕೆಳಗೆ ಸಹಿ ಮಾಡಿಕೊಟ್ಟಳು.