ನಡುವಿನ ಚಿತ್ರದ ಮಾಸ್ತರರು

ಸತ್ತವರ ಬಗ್ಗೆ ಬರೆಯುವಾಗ ಮೊದಲು ಅವರ ದೊಡ್ಡತನ ಹೇಳಬೇಕು ಎನ್ನುತ್ತಾರೆ. ನಾನು ಮೊದಲು ನನ್ನ ಸಣ್ಣತನ ಹೇಳಿ ಮುಗಿಸುತ್ತೇನೆ. ನಮ್ಮ ಡ್ರಾಯಿಂಗ್ ಮಾಸ್ತರರಿಗೆ ನಾನು ಹತ್ತಿರಹತ್ತಿರ ಇಪ್ಪತ್ತೈದು ವರ್ಷ ಒಂದೇ ಸುಳ್ಳು ಹೇಳುತ್ತ ಬಂದೆ. ಈ ಆಷಾಢದಲ್ಲಿ ಅವರು ತೀರಿಕೊಂಡರು. ನಿಜ ಹೇಳಲು ಈಗ ಅವರಿಲ್ಲ.

ಮುದ್ದೇಬಿಹಾಳದ ನಮ್ಮ ಹೈಸ್ಕೂಲಿಗೆ ಬರುವ ಮೊದಲು ಅವರು ಮುಂಬೈಯಲ್ಲಿ ಕಾರ್ಟೂನ್ ಚಿತ್ರ ಮಾಡುವ ಕಂಪನಿಯೊಂದರಲ್ಲಿದ್ದರು. ಕಂಪ್ಯೂಟರು ಬಂದು ಪೆನ್ಸಿಲಿನ ಕೆಲಸ ಕಡಿಮೆಯಾದಾಗ ಹೆಂಡತಿ, ಸಣ್ಣ ಮಗಳನ್ನು ಕರೆದುಕೊಂಡು ಊರಿಗೆ ಮರಳಿದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ.

ಆಗ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಒಂದು ಕತ್ತೆಯ ಕಾರ್ಟೂನು ಬರುತ್ತಿತ್ತು. ಕತ್ತೆ ಛತ್ರಿ ಹಿಡಿದು ಹಳ್ಳ ದಾಟಲು ಹೊರಡುತ್ತದೆ, ವಾರವಾರವೂ ಒಂದೊಂದು ಹೊಸ ಉಪಾಯ ಹೂಡುತ್ತದೆ, ವಾರವಾರವೂ ನೀರಿಗೆ ಬೀಳುತ್ತದೆ. ಇಷ್ಟೇ ಕಥೆ. ಇಷ್ಟಕ್ಕಾಗಿ ನಾವು ಮಕ್ಕಳು ಪಕ್ಕದ ಮನೆಯ ಪಡಸಾಲೆಯಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ನೋಡುತ್ತಿದ್ದೆವು. ಕರೆಂಟು ಹೋದರೆ ವಿದ್ಯುತ್ ಇಲಾಖೆಯವರ ಏಳು ತಲೆಮಾರನ್ನೂ ಬೈಯುತ್ತಿದ್ದೆವು.

ಒಂದು ಸೋಮವಾರ ವರ್ಗದಲ್ಲಿ ಅದೇ ಮಾತು ನಡೆದಿತ್ತು. ಮಾಸ್ತರರು ಡಸ್ಟರ್ ಕೆಳಗಿಟ್ಟು, "ಆ ಕತ್ತಿ ನಂದು" ಎಂದರು. ವರ್ಗ ಬಿದ್ದು ಬಿದ್ದು ನಕ್ಕಿತು.

"ನಗಬ್ಯಾಡ್ರಿ, ಪೂರಾ ಕೇಳ್ರಿ. ದಂಡಿ ಮ್ಯಾಲೆ ನಿಂತ ಕತ್ತಿ ದೊಡ್ಡ ಆರ್ಟಿಸ್ಟಂದು. ನೀರಾಗ ಬಿದ್ದ ಕತ್ತೀನೂ ಅವರದಽ. ನಡುವ ಬೀಳ್ತದಲ್ಲ, ಆ ಕತ್ತಿ ಅಷ್ಟೂ ನಂದು" ಎಂದು ಹೇಳಿ, ಕರಿಹಲಗೆಯ ಮೇಲೆ ಎಂಟು ಕತ್ತೆ ಬರೆದರು. ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ, ಛತ್ರಿ ಸ್ವಲ್ಪ ಸ್ವಲ್ಪವೇ ತಿರುವುಮುರುವಾಗುತ್ತ. ನಮ್ಮ ನಗೆ ನಿಂತುಹೋಯಿತು. ಮುಂದಿನ ಭಾನುವಾರ ಅವರ ಕತ್ತೆ ನೋಡಲೇಬೇಕೆಂದು ಕಣ್ಣು ಮಿಟುಕಿಸದೆ ಕೂತೆ. ಅಷ್ಟರಲ್ಲಿ ಅದು ಬಿದ್ದಾಗಿತ್ತು. ಕೊನೆಯಲ್ಲಿ ಬಂದ ಹೆಸರುಗಳಲ್ಲಿ ಮಾಸ್ತರರ ಹೆಸರು ಹುಡುಕಿದೆ, ಇರಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ಅವರಿಗೆ ಬಂದಿರಲಿಲ್ಲ, ಅದು ಇನ್ನೊಂದು ಸಿಟ್ಟು.

ನಾನೂ ಚಿತ್ರದ ಹುಚ್ಚಿಯಾದೆ. ಸಮಾಜ ವಿಜ್ಞಾನದ ಪುಸ್ತಕದ ಮೂಲೆಯಲ್ಲಿ ಕತ್ತೆ ಬರೆಯುವಾಗ ಅವರ ಕೈಗೇ ಸಿಕ್ಕಿಬಿದ್ದೆ. ಪುಸ್ತಕ ಕಸಿದುಕೊಂಡರು. ಒಂದು ವಾರವಾಯಿತು, ಎರಡು ವಾರವಾಯಿತು, ಕೊಡಲಿಲ್ಲ. ನಾಗರ ಪಂಚಮಿ ಕಳೆದ ಮೇಲೆ ಕರೆದು, "ತಗೋ ತಂಗಿ. ಹೆಬ್ಬೆರಳಿನಿಂದ ಹಾಳಿ ಬಿಡು" ಎಂದರು.

ಬಿಟ್ಟೆ. ಹಾಳೆಗಳು ಸರಸರ ಸರಿದಂತೆ ಬಲಪುಟಗಳ ಕೆಳಮೂಲೆಯಲ್ಲಿ ಚಿತ್ರ ಅಲುಗಾಡತೊಡಗಿತು. ಎರಡು ಕೈ ಮುಂದೆ ಬಂದು ಜೋಕಾಲಿಯನ್ನು ನೂಕುತ್ತವೆ. ಜೋಕಾಲಿಯಲ್ಲಿ ಕೂತ ಹುಡುಗಿ ಪುಟದ ಅಂಚಿನವರೆಗೂ ಜೀಕಿ, ಜಡೆ ಹಾರಿಸುತ್ತ ಹಿಂದಕ್ಕೆ ಬರುತ್ತಾಳೆ. ಕೈ ಮತ್ತೆ ನೂಕುತ್ತವೆ. ಆ ಹುಡುಗಿ ಅವರ ಮಗಳು. ಪಂಚಮಿಗೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ಆಡಿಸಿದ್ದನ್ನೇ ಬರೆದಿದ್ದರು.

"ಮೊದಲಿಂದ ಕಡೀತನಕಾ ನಾನಽ ತಗದದ್ದು ಇದೊಂದಽ ನೋಡು" ಎಂದರು. ಎಂಟನೆಯ ವರ್ಗದ ಹುಡುಗಿಗೆ ಆ ಮಾತಿನ ತೂಕ ತಿಳಿಯಲಿಲ್ಲ. ಪುಸ್ತಕ ಎದೆಗವಚಿಕೊಂಡು ಓಡಿದೆ.

ಇಡೀ ಸಾಲೆಯೇ ಆ ಜೋಕಾಲಿ ನೋಡಲು ಬಂತು. ಸಾವಿರ ಸಲ ಹೆಬ್ಬೆರಳು ಉಜ್ಜಿ ಮೂಲೆಗಳು ಮೆತ್ತಗಾದವು, ಹೊಲಿಗೆ ಸಡಿಲಾಗಿ ಹಾಳೆ ಕಳಚತೊಡಗಿದವು. ನಮ್ಮ ಕಡೆ ಪುಸ್ತಕದ ಮೇಲೆ ಪ್ರೀತಿ ಉಕ್ಕಿದರೆ ಮಾಡುವುದು ಒಂದೇ ಕೆಲಸ, ಬೈಂಡಿಂಗ್. ದೀಪಾವಳಿ ಸೂಟಿಯಲ್ಲಿ ಯಾರನ್ನೂ ಕೇಳದೆ ನಾನೇ ಪೇಟೆಯ ಬೈಂಡಿಂಗ್ ಕಾಕಾನ ಅಂಗಡಿಗೆ ಒಯ್ದೆ. "ಕಾಕಾ, ಭಾಳ ಗಟ್ಟಿ ಮಾಡ್ರಿ. ನಾ ಮುದುಕಿ ಆಗೋ ತನಕಾ ಬಾಳಬೇಕು" ಎಂದೆ. ಚಿತ್ರ ಇದೆ ಎಂದು ಹೇಳಲಿಲ್ಲ. ಊರಿಗೆಲ್ಲ ತೋರಿಸಿ ಮೆರೆದವಳಿಗೆ, ತೋರಿಸಲೇಬೇಕಾದವನಿಗೆ ತೋರಿಸುವ ಬುದ್ಧಿ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಹೋದೆ. ಕಾಕಾ ಕೆಂಪು ರಟ್ಟಿನ ಪುಸ್ತಕ ಕೈಯಲ್ಲಿಟ್ಟು, "ನೋಡವಾ, ಮೂರೂ ಬಾಜೂ ಮಷೀನಿಗೆ ಕೊಟ್ಟು ಕತ್ತರಿಸೇನಿ. ಬೆಣ್ಣಿ ಕೊಯ್ದಂಗ ಬಂದೈತಿ" ಎಂದ. ಅವನ ಮುಖದಲ್ಲಿ ಸಂತೋಷವಿತ್ತು. ಬೈಂಡಿಂಗ್ ಎಂದರೆ ಅಂಚು ಕತ್ತರಿಸುವುದು ಎಂದು ಊರಿಗೇ ಗೊತ್ತು, ನನಗೂ ಗೊತ್ತಿತ್ತು. ಒಂದು ಪುಟ ತೆರೆದೆ. ಬೆರಳಗಲ ಅಂಚು ಹೋಗಿತ್ತು. ಜೋಕಾಲಿ ಇರಲಿಲ್ಲ, ಹುಡುಗಿ ಇರಲಿಲ್ಲ. ಎರಡನೆಯ ಪುಟ ತೆರೆಯುವ ಧೈರ್ಯವಾಗಲಿಲ್ಲ.

"ಕತ್ತರಿಸಿದ್ದು ಎಲ್ಲಿ ಐತ್ರಿ ಕಾಕಾ?"

"ಚೂರು ಏನ ಮಾಡ್ತೀ? ಮುಂಜಾನಿ ಒಲಿಗೆ ಹಾಕೀವಲ್ಲ, ಜಳಕದ ನೀರಿಗೆ."

ಅಲ್ಲಿ ಅಳಲಿಲ್ಲ. ಮನೆಗೆ ಬಂದು ಪುಸ್ತಕವನ್ನು ಅವ್ವನ ಟ್ರಂಕಿನ ತಳಕ್ಕೆ ತುರುಕಿ, ಹೊಟ್ಟೆನೋವೆಂದು ಹೇಳಿ ಮಲಗಿದೆ. ಸೂಟಿ ಮುಗಿದು ಸಾಲೆ ತೆರೆದ ದಿನ ಮಾಸ್ತರರು ಕೇಳಿದರು, "ಏನವಾ, ಜೋಕಾಲಿ ಹೆಂಗದ?"

"ಚಲೋ ಐತ್ರಿ ಸರ್. ಸಿಂದಗ್ಯಾಗ ನಮ್ಮಜ್ಜಿ ಮನ್ಯಾಗ ಇಟ್ಟೇನ್ರಿ, ಇಲ್ಲೆ ಎಲ್ಲಾರೂ ಮುಟ್ಟಿ ಹಾಳ ಮಾಡ್ತಾರ."

"ಶಾಣ್ಯಾಕಿ" ಎಂದರು. ಜಾಣೆ ಎನ್ನುವ ಆ ಶಬ್ದವನ್ನು ಯಾರಾದರೂ ನನಗೆ ಹೇಳಿದರೆ ಇವತ್ತಿಗೂ ಮೈ ಕುಗ್ಗುತ್ತದೆ.

ಮುಂದೆ ನಾನೂ ಮಾಸ್ತರಿಣಿಯಾಗಿ ಬಸವನ ಬಾಗೇವಾಡಿ ಸೇರಿದೆ. ಊರಿಗೆ ಹೋದಾಗೆಲ್ಲ ಬಸ್‌ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಸಿಗುತ್ತಿದ್ದರು. ಗಂಡ, ಮಕ್ಕಳು, ನೌಕರಿ ಎಲ್ಲ ವಿಚಾರಿಸಿ ಆದ ಮೇಲೆ ಹೊರಡುವಾಗ ದನಿ ಸ್ವಲ್ಪ ತಗ್ಗಿಸಿ ಅದೊಂದು ಪ್ರಶ್ನೆ. ಅದಕ್ಕೆ ನನ್ನ ಅದೇ ಉತ್ತರ. ಒಮ್ಮೆ ಮಾತ್ರ, "ಒಂದ ಸಲ ತಂದು ತೋರಸವಾ, ನನಗಽ ಮರತದ ಹೆಂಗ ತಗದೀನಿ ಅಂತ" ಎಂದರು. ಹೂಂ ಎಂದು ಬಸ್ ಹತ್ತಿದೆ. ಆಮೇಲೆ ಅವರು ದೂರದಲ್ಲಿ ಕಂಡರೆ ಓಣಿ ತಪ್ಪಿಸಿ ನಡೆದೆ. ದೇವರಾಣೆಗೂ, ಅವರಷ್ಟು ನಾನು ಪ್ರೀತಿಸಿದ ಮಾಸ್ತರರು ಇನ್ನೊಬ್ಬರಿಲ್ಲ.

ಅವರು ಹೋದ ಸುದ್ದಿ ಮೊಬೈಲಿನಲ್ಲಿ ಬಂತು. ವರ್ಗದ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಅದನ್ನೂ ಹಾಕಲಿಲ್ಲ. ಹದಿನಾಲ್ಕನೆಯ ದಿನಕ್ಕೆ ಅವರ ಮಗಳು ಫೋನ್ ಮಾಡಿದಳು. ಆಕೆ ಈಗ ಇಂಡಿ ಊರಿನಲ್ಲಿರುತ್ತಾಳೆ.

"ಅಕ್ಕಾರ, ಅಪ್ಪಾ ಕಡೀಕ ಒಂದಽ ಮಾತು ಹೇಳಿದ್ರು. ನಿನ್ನ ಜೋಕಾಲಿ ಆಕೀ ಹತ್ರ ಅದ, ಇಸಗೋ ಅಂತ. ನಮ್ಮನ್ಯಾಗ ಅವರು ತಗದದ್ದು ಒಂದೂ ಚಿತ್ರ ಇಲ್ರಿ. ಅದೊಂದು ನನಗ ಬೇಕಾಗಿತ್ತು."

ಕಳೆದುಹೋಯಿತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ತಂದುಕೊಡುತ್ತೇನೆ ಎಂದೆ.

ಮುದ್ದೇಬಿಹಾಳಕ್ಕೆ ಹೋಗಿ ಟ್ರಂಕು ತೆಗೆಸಿದೆ. ಪುಸ್ತಕ ಗಟ್ಟಿಯಾಗೇ ಇತ್ತು, ಕಾಕಾ ಮಾತು ಉಳಿಸಿಕೊಂಡಿದ್ದ. ರವಿವಾರ ವಿಜಯಪುರದಲ್ಲಿ ಬಸ್ ಬದಲಿಸಿ ಇಂಡಿ ಮುಟ್ಟಿದೆ. ಆಕೆ ನೀರು ಕೊಟ್ಟು, ಚಹಾಕ್ಕಿಡಲು ಎದ್ದಳು. "ಚಹಾ ಬ್ಯಾಡ. ಮೊದಲು ಕೂಡು, ಕೇಳು" ಎಂದು ಎಲ್ಲ ಹೇಳಿದೆ. ಬೈಂಡಿಂಗ್, ಕತ್ತರಿಸಿದ ಅಂಚು, ಸಿಂದಗಿ, ಅಜ್ಜಿ, ಓಣಿ ತಪ್ಪಿಸಿದ್ದು. ಆಕೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಹಾಳೆ ಬಿಟ್ಟಳು.

ಅಷ್ಟು ವರ್ಷ ನಾನು ನೋಡದೇ ಇದ್ದದ್ದನ್ನು ಆಗ ನೋಡಿದೆ. ಒಳಬದಿಗೆ ತುಸು ಮೇಲಿದ್ದ ಎರಡು ಕೈ ಪೂರಾ ಉಳಿದಿದ್ದವು. ಅವು ಮುಂದೆ ಹೋಗಿ ಖಾಲಿ ಜಾಗವನ್ನು ನೂಕಿ ಹಿಂದೆ ಬರುತ್ತಿದ್ದವು. ಕೆಲವು ಹಾಳೆಗಳಿಗೊಮ್ಮೆ ಜಡೆಯ ತುದಿ ಇಷ್ಟೇ ಇಷ್ಟು ಒಳಗೆ ಬಂದು ಹೋಗುತ್ತಿತ್ತು. ಆಕೆ ಕೊನೆಯವರೆಗೆ ನೋಡಿದಳು. ಮತ್ತೆ ಮೊದಲಿನಿಂದ ಬಿಟ್ಟಳು. ನಾನು ಅಳುತ್ತಿದ್ದೆ, ಬೈದರೆ ಬೈಯಲಿ ಎಂದು ಕಾಯುತ್ತಿದ್ದೆ.

"ಅಳಬ್ಯಾಡ್ರಿ ಅಕ್ಕಾರ" ಎಂದಳು ಆಕೆ, ಪುಸ್ತಕದಿಂದ ಕಣ್ಣು ತೆಗೆಯದೆ. "ಕತ್ತರಿಸಿ ಹೋದಾಕಿ ನಾನಽ ಹೌದಲ್ರಿ? ಹೋಗ್ಲಿ ಬಿಡ್ರಿ, ನಾ ಇಲ್ಲೇ ಇದ್ದೇನಲ್ಲ. ಅಪ್ಪನ ಕೈ ಉಳದಾವ."